ದನಿ ಒಡೆದು ಮೂರು ವಾರ ಆಯ್ತಾ? ಸಿರಪ್ ಸಾಕು, ಗಂಟಲು ತೋರಿಸಿ

ಸಂತೆಯಲ್ಲಿ ದಿನವಿಡೀ ಕೂಗಿ ವ್ಯಾಪಾರ ಮಾಡುವವರಿಗೆ, ಬಸ್ ಕಂಡಕ್ಟರ್‌ಗಳಿಗೆ, ಮೇಷ್ಟ್ರುಗಳಿಗೆ ಗಂಟಲು ಕಟ್ಟುವುದು ಹೊಸದೇನಲ್ಲ. ಉಪ್ಪುನೀರು ಮುಕ್ಕಳಿಸಿ, ಮೆಡಿಕಲ್‌ನಿಂದ ಒಂದು ಸಿರಪ್ ತಂದು ಕುಡಿದರೆ ಹೆಚ್ಚಿನವರಿಗೆ ವಾರ, ಹತ್ತು ದಿನದಲ್ಲಿ ದನಿ ಸರಿಹೋಗುತ್ತದೆ. ಮೂರು ವಾರ ಕಳೆದರೂ ದನಿ ಗೊಗ್ಗರಾಗಿಯೇ ಉಳಿದರೆ ಇಎನ್‌ಟಿ ವೈದ್ಯರಿಗೆ ತೋರಿಸಲೇಬೇಕು. ಬೀಡಿ, ಸಿಗರೇಟು ಸೇದುವವರಂತೂ ಒಂದು ದಿನವೂ ಮುಂದೂಡಬಾರದು. ಜತೆಗೆ ಕುಡಿತವೂ ಇದ್ದರೆ ಅಪಾಯ ಹಲವು ಪಟ್ಟು. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಶುರುವಿನಲ್ಲಿ ಕೊಡುವ ಸುಳಿವು ಬಹಳ ಜನರಲ್ಲಿ ಇದೊಂದೇ. ನೋವಿರುವುದಿಲ್ಲ, ಅದಕ್ಕೇ ಜನ ತಡ ಮಾಡುತ್ತಾರೆ.

ಧ್ವನಿಪೆಟ್ಟಿಗೆಯೊಳಗೆ ಎರಡು ಧ್ವನಿತಂತುಗಳಿವೆ. ಉಸಿರು ಹೊರಬರುವಾಗ ಇವು ಕಂಪಿಸಿ ದನಿ ಹುಟ್ಟುತ್ತದೆ. ತಂತಿನ ಮೇಲೆ ಚಿಕ್ಕ ಗಂಟಾದರೂ ದನಿ ಕೆಡುತ್ತದೆ. ಈ ಜಾಗದಲ್ಲಿ ದುಗ್ಧನಾಳಗಳು ತೀರಾ ಕಡಿಮೆ, ಹಾಗಾಗಿ ರೋಗ ಬೇಗ ಹರಡುವುದಿಲ್ಲ. ಈ ಹಂತದಲ್ಲೇ ಸಿಕ್ಕಿದರೆ ಬರೀ ರೇಡಿಯೇಷನ್ ಅಥವಾ ಲೇಸರ್ ಆಪರೇಷನ್‌ನಿಂದ ಬಹುಪಾಲು ಜನ ಗುಣವಾಗುತ್ತಾರೆ, ದನಿಯೂ ಉಳಿಯುತ್ತದೆ. ತಂತುಗಳಿಗಿಂತ ಮೇಲೆ ಹುಟ್ಟಿದ ಕ್ಯಾನ್ಸರ್ ಮಾತ್ರ ಮೋಸದ್ದು: ದನಿ ಚೆನ್ನಾಗಿಯೇ ಇರುತ್ತದೆ. ನುಂಗುವಾಗ ನೋವು, ಒಂದೇ ಕಡೆಯ ಕಿವಿನೋವು, ಕುತ್ತಿಗೆಯಲ್ಲಿ ಗಂಟು, ಇವೇ ಅದರ ಗುರುತು.

ರೋಗ ಬಲಿತಿದ್ದರೆ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುವುದೇ ಹಿಂದೆ ರೂಢಿಯಾಗಿತ್ತು. 1991ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇದನ್ನು ಬದಲಿಸಿತು. 332 ರೋಗಿಗಳಲ್ಲಿ ಅರ್ಧ ಜನರಿಗೆ ಆಪರೇಷನ್, ಉಳಿದವರಿಗೆ ಮೊದಲು ಕೀಮೋ, ಆಮೇಲೆ ರೇಡಿಯೇಷನ್. ಎರಡು ವರ್ಷದ ನಂತರ ಬದುಕಿದ್ದವರು ಎರಡೂ ಕಡೆ ಶೇ 68. ಆದರೆ ಎರಡನೇ ಗುಂಪಿನ ಶೇ 64 ಮಂದಿಗೆ ಧ್ವನಿಪೆಟ್ಟಿಗೆ ಉಳಿದಿತ್ತು! 2003ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಕೀಮೋ, ರೇಡಿಯೇಷನ್ ಎರಡನ್ನೂ ಒಟ್ಟಿಗೇ ಕೊಟ್ಟಾಗ ಎರಡು ವರ್ಷದ ಹೊತ್ತಿಗೆ ಶೇ 88 ಮಂದಿಗೆ ಅದು ಉಳಿದದ್ದು ಕಂಡುಬಂತು. ಹಾಗಂತ ಎಲ್ಲರಿಗೂ ಇದು ಹೊಂದುವುದಿಲ್ಲ. ಗೆಡ್ಡೆ ಮೃದ್ವಸ್ಥಿಯನ್ನು ಕೊರೆದು ಹೊರಗೆ ಬಂದಿದ್ದರೆ ಇವತ್ತಿಗೂ ಆಪರೇಷನ್ನೇ ವಾಸಿ.

ಧ್ವನಿಪೆಟ್ಟಿಗೆ ತೆಗೆದವರು ಕುತ್ತಿಗೆಯ ರಂಧ್ರದಿಂದ ಉಸಿರಾಡುತ್ತಾರೆ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಒಂದು ಪುಟ್ಟ ಕವಾಟ ಕೂರಿಸಿ, ರಂಧ್ರವನ್ನು ಬೆರಳಲ್ಲಿ ಮುಚ್ಚಿದರೆ ಗಾಳಿ ಅನ್ನನಾಳಕ್ಕೆ ಹೋಗಿ ಮತ್ತೆ ಮಾತು ಬರುತ್ತದೆ. ಹೊರದೇಶದ ಕವಾಟಕ್ಕೆ ಸಾವಿರಾರು ರೂಪಾಯಿ; ಅದನ್ನು ಆಗಾಗ ಬದಲಿಸಲೂ ಬೇಕು. ದುಡ್ಡಿಲ್ಲದೆ ಮೂಕರಾಗಿ ಉಳಿದವರೂ ಇದ್ದಾರೆ. ಬೆಂಗಳೂರಿನ ಕ್ಯಾನ್ಸರ್ ತಜ್ಞ ಡಾ. ವಿಶಾಲ್ ರಾವ್ ಮತ್ತು ಶಶಾಂಕ್ ಮಹೇಶ್ ಸೇರಿ ಸುಮಾರು 50 ರೂಪಾಯಿಯ ‘ಓಂ’ ಕವಾಟ ರೂಪಿಸಿದ್ದು ಇದೇ ಕಾರಣಕ್ಕೆ.

ಪರೀಕ್ಷೆಗೆ ಹೆದರಬೇಕಿಲ್ಲ. ಮೂಗಿನಿಂದ ಸಣ್ಣ ಕ್ಯಾಮೆರಾ ಕೊಳವೆ ಇಳಿಸಿ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಅನುಮಾನ ಬಂದರೆ ಚೂರು ಮಾಂಸ ತೆಗೆದು ಬಯಾಪ್ಸಿ. ‘ಚುಚ್ಚಿದ್ರೆ ಹರಡ್ತದೆ’ ಅನ್ನೋ ಮಾತು ನಂಬಿ ಮನೆಯಲ್ಲೇ ಕೂತರೆ ರೋಗ ಬಲಿಯುತ್ತದೆ, ಅಷ್ಟೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಪಡೆದು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬಹುದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ. ಹೊರಡುವಾಗ ರೇಷನ್ ಕಾರ್ಡ್, ಆಧಾರ್ ಜತೆಗಿರಲಿ.