ಡೇರಿ ಸರ್ಕಲ್‌ನಿಂದ ಜಿಗಣಿಯವರೆಗೆ: ದನದ ಡಾಕ್ಟರ ಓದು ಬೆಳೆದ ಬಗೆ

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್

ಬೆಂಗಳೂರಿನ ಡೇರಿ ಸರ್ಕಲ್‌ನಿಂದ ಹೊರಡುವ ಬನ್ನೇರುಘಟ್ಟ ರಸ್ತೆ ಬನ್ನೇರುಘಟ್ಟವನ್ನು ದಾಟಿ ನಮ್ಮ ಜಿಗಣಿಗೆ, ಮುಂದೆ ಆನೇಕಲ್ಲಿಗೆ ಬರುತ್ತದೆ. ದಿನವೂ ಸಿಟಿಗೆ ಹೋಗಿ ಬರುವವರಿಗೆ ಡೇರಿ ಸರ್ಕಲ್ ಎಂದರೆ ಟ್ರಾಫಿಕ್ಕಿನ ನೆನಪು. ಆದರೆ ಆ ಹೆಸರಿನ ಹಿಂದೆ, ಆ ರಸ್ತೆಯ ಎರಡು ತುದಿಗಳ ನಡುವೆ, ಒಂದು ದೊಡ್ಡ ವಿದ್ಯೆಯ ಚರಿತ್ರೆ ಇದೆ. ಅದು ಪಶುವಿಜ್ಞಾನದ ಚರಿತ್ರೆ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಚರಿತ್ರೆಯನ್ನು ಬರೆಯಲು ಒಂದು ಕಾರಣವಿದೆ. ಹತ್ತನೇ ತರಗತಿ ಮುಗಿಯುವಾಗ ನಮ್ಮ ಓರಗೆಯವರ ಬಾಯಲ್ಲಿದ್ದ ದಾರಿಗಳು ಮೂರೇ: ಎಂಜಿನಿಯರಿಂಗ್, ಡಾಕ್ಟರಿಕೆ, ಇಲ್ಲವೆ ಐ.ಟಿ.ಐ. ಮಾಡಿ ಫ್ಯಾಕ್ಟರಿ ಕೆಲಸ. ಮನೆಯ ಕೊಟ್ಟಿಗೆಯಲ್ಲಿ ನಾಲ್ಕು ರಾಸು ಕಟ್ಟಿದ್ದವರ ಮಕ್ಕಳಿಗೂ ನಾಲ್ಕನೆಯ ದಾರಿಯೊಂದು ಕಾಣುತ್ತಿರಲಿಲ್ಲ.

ಓದಿಗೆ ಮೊದಲು ಇದ್ದ ತಿಳಿವಳಿಕೆ

ಮೈಸೂರು ಸೀಮೆಗೆ ದನಕರುಗಳ ವಿದ್ಯೆ ಹೊಸದಲ್ಲ. 17ನೇ ಶತಮಾನದ ಕೊನೆಯಲ್ಲಿ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳಲು 'ಬೆಣ್ಣೆ ಚಾವಡಿ' ಎಂಬ ಇಲಾಖೆಯೇ ಇತ್ತು. ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟ. ಫಿರಂಗಿ ಎಳೆಯಲು, ದಂಡಿನ ಸಾಮಾನು ಸಾಗಿಸಲು ಬೇಕಾದ ಎತ್ತುಗಳು ಅಲ್ಲಿಂದ ಬರುತ್ತಿದ್ದವು. ಅಮೃತ ಮಹಲ್ ತಳಿಗೆ ಮೂಲ ಹಳ್ಳಿಕಾರ್ ಎನ್ನುತ್ತಾರೆ. ಬೂದುಬಣ್ಣ, ಉದ್ದನೆಯ ಮುಖ, ಹಿಂದಕ್ಕೆ ಬಾಗಿ ಮೇಲೇರುವ ಕೊಂಬಿನ ಹಳ್ಳಿಕಾರ್ ನಮ್ಮ ಭಾಗದ ಉಳುಮೆಯ ರಾಸು. ಹುಸ್ಕೂರು ಮದ್ದೂರಮ್ಮನ ಜಾತ್ರೆಯ ಎತ್ತರದ ಕುರ್ಜುಗಳಿಗೆ ಎತ್ತು ಕಟ್ಟಿ ಎಳೆಯುವುದನ್ನು ನಾವೆಲ್ಲ ನೋಡಿದವರೇ.

ನಮ್ಮ ಅಜ್ಜಂದಿರು ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದರು. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ ಎತ್ತು ಎಂಬುದು ಅವರ ಲೆಕ್ಕ. ಹಸು ಬೆದೆಗೆ ಬಂದದ್ದು ಕೂಗಿನಲ್ಲೇ ತಿಳಿಯುತ್ತಿತ್ತು. ಸಗಣಿ ನೋಡಿ ಮೇವು ಒಗ್ಗಿತೋ ಇಲ್ಲವೋ ಹೇಳುತ್ತಿದ್ದರು. ಇದೂ ವಿಜ್ಞಾನವೇ, ಪುಸ್ತಕದಲ್ಲಿ ಇರಲಿಲ್ಲ ಅಷ್ಟೆ. ಆದರೆ ಈ ತಿಳಿವಳಿಕೆ ಒಂದು ಕಡೆ ಸೋಲುತ್ತಿತ್ತು. ಅದು ದೊಡ್ಡರೋಗ.

ದೊಡ್ಡರೋಗ ಮತ್ತು ಹೆಬ್ಬಾಳ

ದೊಡ್ಡರೋಗ ಬಂದರೆ ದನಕ್ಕೆ ಜ್ವರ, ಬಾಯಿಹುಣ್ಣು, ತಡೆಯಲಾಗದ ಭೇದಿ. ವಾರ ಹತ್ತು ದಿನದೊಳಗೆ ಸಾವು. ಒಂದು ಕೊಟ್ಟಿಗೆಗೆ ಬಂದದ್ದು ಊರನ್ನೇ ಬರಿದು ಮಾಡುತ್ತಿತ್ತು. ಎತ್ತು ಸತ್ತರೆ ಉಳುಮೆ ಇಲ್ಲ, ಉಳುಮೆ ಇಲ್ಲದಿದ್ದರೆ ರಾಗಿ ಇಲ್ಲ. ಊರ ಹಬ್ಬ ಮಾಡಿ ಮಾರಮ್ಮನಿಗೆ ಹರಕೆ ಹೊರುವುದರ ಹೊರತು ಜನರ ಕೈಯಲ್ಲಿ ಬೇರೆ ಉಪಾಯ ಇರಲಿಲ್ಲ.

ಭಾರತದಲ್ಲಿ ಪಶುವೈದ್ಯ ಕಾಲೇಜುಗಳು ಅಷ್ಟು ಹೊತ್ತಿಗೆ ಶುರುವಾಗಿದ್ದವು: ಲಾಹೋರಿನಲ್ಲಿ 1882, ಮುಂಬಯಿಯಲ್ಲಿ 1886, ಮದರಾಸಿನಲ್ಲಿ 1903. ಮೈಸೂರು ಸಂಸ್ಥಾನದ ಹುಡುಗರು ಈ ವಿದ್ಯೆ ಕಲಿಯಬೇಕಾದರೆ ಹೊರಗಿನ ಊರಿಗೇ ಹೋಗಬೇಕಿತ್ತು. 1925ರಲ್ಲಿ ಹೆಬ್ಬಾಳದಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ರೋಗ ಬಂದು ಬದುಕಿ ಉಳಿದ ದನದ ರಕ್ತದಲ್ಲಿ ರೋಗವನ್ನು ತಡೆಯುವ ಶಕ್ತಿ ಇರುತ್ತದೆ. ಆ ರಕ್ತದ ತಿಳಿಯನ್ನು, ಅಂದರೆ ಸೀರಂ ಅನ್ನು, ಬೇರೆ ದನಗಳಿಗೆ ಚುಚ್ಚಿದರೆ ಅವಕ್ಕೂ ಕೆಲವು ದಿನ ರಕ್ಷಣೆ ಸಿಗುತ್ತದೆ. ಮೊದಲು ಇದ್ದದ್ದು ಇಷ್ಟೇ. ಆಮೇಲೆ ಹಿಮಾಲಯದ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಜೆ.ಟಿ. ಎಡ್ವರ್ಡ್ಸ್ ರೋಗಾಣುವನ್ನು ಮೇಕೆಗಳಲ್ಲಿ ಬೆಳೆಸಿ ಪಳಗಿಸಿ ಲಸಿಕೆ ಮಾಡಿದರು. 1960ರ ಸುಮಾರಿಗೆ ಆಫ್ರಿಕದ ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ ಎಂಬ ಪಶುವೈದ್ಯ ಇನ್ನೂ ಉತ್ತಮವಾದ, ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ ಕೊಟ್ಟರು.

ಭಾರತದಲ್ಲಿ 1954ರಿಂದ ದೊಡ್ಡರೋಗ ನಿರ್ಮೂಲನೆಯ ಕಾರ್ಯಕ್ರಮ ನಡೆಯಿತು. ಸೈಕಲ್ಲಿನಲ್ಲಿ, ಎತ್ತಿನ ಗಾಡಿಯಲ್ಲಿ, ಐಸ್ ತುಂಬಿದ ಥರ್ಮಾಸ್ ಹಿಡಿದು ಹಳ್ಳಿ ಹಳ್ಳಿಗೆ ಲಸಿಕೆ ಹೋಯಿತು. 2006ರಲ್ಲಿ ಭಾರತಕ್ಕೆ ರೋಗಮುಕ್ತ ದೇಶವೆಂಬ ಮನ್ನಣೆ ಸಿಕ್ಕಿತು. 2011ರಲ್ಲಿ ಇಡೀ ಜಗತ್ತಿನಿಂದಲೇ ಈ ರೋಗ ಅಳಿಯಿತು ಎಂದು ಘೋಷಿಸಲಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದ ಪೂರ್ತಿ ಅಳಿದ ಎರಡನೇ ರೋಗ ಇದು. ಈಗಿನ ಮಕ್ಕಳಿಗೆ ದೊಡ್ಡರೋಗದ ಹೆಸರೇ ಗೊತ್ತಿಲ್ಲ. ಒಂದು ವಿದ್ಯೆ ಗೆದ್ದಿದೆ ಎನ್ನಲು ಇದಕ್ಕಿಂತ ಗುರುತು ಬೇಕೆ?

ಆಡುಗೋಡಿಗೆ ಬಂದ ವಿದ್ಯಾರ್ಥಿಗಳು

ಈಗ ರಸ್ತೆಯ ಆ ತುದಿಗೆ ಬರೋಣ. ಡೇರಿ ಸರ್ಕಲ್ಲಿಗೆ ಹತ್ತಿರದ ಆಡುಗೋಡಿಯಲ್ಲಿ 1923ರಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. ಹಾಲಿನ ವಿದ್ಯೆಯನ್ನು ಕ್ರಮವಾಗಿ ಕಲಿಸಿದ ದೇಶದ ಮೊದಮೊದಲ ಸಂಸ್ಥೆಗಳಲ್ಲಿ ಇದೂ ಒಂದು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿನಲ್ಲಿ ತಂಗಿದ್ದ ಗಾಂಧೀಜಿ ಇಲ್ಲಿಗೆ ಬಂದು ವಿಲಿಯಂ ಸ್ಮಿತ್ ಅವರಿಂದ ಹಸು ಸಾಕುವ ಕ್ರಮವನ್ನು ಕಲಿತರು. ಸಂಸ್ಥೆಯ ಪುಸ್ತಕದಲ್ಲಿ ತಮ್ಮನ್ನು ಸಬರಮತಿಯ ರೈತ ಎಂದು ಬರೆದುಕೊಂಡರು.

ಇನ್ನೊಬ್ಬ ವಿದ್ಯಾರ್ಥಿ ನನ್ನಂತಹ ಎಂಜಿನಿಯರುಗಳಿಗೆ ಹೆಚ್ಚು ಹತ್ತಿರದವರು. ಮದರಾಸಿನ ಗಿಂಡಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದ ವರ್ಗೀಸ್ ಕುರಿಯನ್ ಅವರಿಗೆ ಸರ್ಕಾರ ಡೇರಿ ಎಂಜಿನಿಯರಿಂಗ್ ಓದಲು ವಿದ್ಯಾರ್ಥಿವೇತನ ಕೊಟ್ಟಿತು. ಅಮೆರಿಕಕ್ಕೆ ಹೋಗುವ ಮೊದಲು ಅವರು ಕೆಲವು ತಿಂಗಳು ತರಬೇತಿ ಪಡೆದದ್ದು ಇದೇ ಬೆಂಗಳೂರಿನ ಸಂಸ್ಥೆಯಲ್ಲಿ. 1949ರಲ್ಲಿ ಅವರು ಗುಜರಾತಿನ ಆನಂದ್‌ಗೆ ಹೋದರು. ಮುಂದಿನದು ಅಮುಲ್‌ನ ಕಥೆ, ಎಲ್ಲರಿಗೂ ಗೊತ್ತು. 1955ರಲ್ಲಿ ಸಂಸ್ಥೆಯ ಕೇಂದ್ರ ಹರಿಯಾಣದ ಕರ್ನಾಲಿಗೆ ಹೋಯಿತು. ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಭಾರತದ ಕೇಂದ್ರವಾಗಿ ಆಡುಗೋಡಿಯದು ಉಳಿಯಿತು.

ಮೈಸೂರು ಇನ್ನೊಂದು ಮೊದಲ ಹೆಜ್ಜೆಯನ್ನೂ ಇಟ್ಟಿತು. 1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಎಂಬವರು ಹಳ್ಳಿಕಾರ್ ಹಸುಗಳಿಗೆ ಹಾಲೆಂಡಿನ ಹೋಲ್‌ಸ್ಟೀನ್ ಹೋರಿಯ ವೀರ್ಯದಿಂದ ಕೃತಕ ಗರ್ಭಧಾರಣೆ ಮಾಡಿದರು. 33 ಹಸುಗಳು ಗಬ್ಬವಾದವು. ಭಾರತದಲ್ಲಿ ಇದೇ ಮೊದಲು ಎಂದು ಪಶುವೈದ್ಯರ ಪಠ್ಯಗಳು ಹೇಳುತ್ತವೆ. ಮುಂದೆ ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ಕೇಂದ್ರ ಬಂತು. ದ್ರವ ಸಾರಜನಕದ ಮೈನಸ್ 196 ಡಿಗ್ರಿ ಚಳಿಯಲ್ಲಿ ಅದು ವರ್ಷಗಟ್ಟಲೆ ಕೆಡದೆ ಇರುತ್ತದೆ. ನಮ್ಮೂರಿಗೆ 'ಇಂಜೆಕ್ಷನ್ ಡಾಕ್ಟರು' ಬೈಕಿನ ಹಿಂದೆ ಕಟ್ಟಿಕೊಂಡು ಬರುವ ಹೊಗೆಯಾಡುವ ಕ್ಯಾನಿನಲ್ಲಿ ಇರುವುದು ಅದೇ. ನಮ್ಮ ಕೊಟ್ಟಿಗೆಯ ಕಪ್ಪು ಬಿಳುಪಿನ ಸೀಮೆಹಸುವಿನ ಮೂಲ ಇಲ್ಲಿದೆ.

ಕಾಲೇಜು, ನಂತರ ವಿಶ್ವವಿದ್ಯಾಲಯ

1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಪ್ರಾರಂಭವಾಯಿತು. ಕನ್ನಡನಾಡಿನ ಹುಡುಗರು ಮದರಾಸಿಗೋ ಮುಂಬಯಿಗೋ ಹೋಗಬೇಕಾದ ಕಾಲ ಮುಗಿಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂದ ಮೇಲೆ ಕಾಲೇಜು ಅದರೊಳಗೆ ಸೇರಿತು. 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜು ಆಯಿತು. 2004ರ ಕಾಯ್ದೆಯಿಂದ ಬೀದರ್‌ನಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ರೂಪುಗೊಂಡಿತು. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗ, ಅಥಣಿಗಳಲ್ಲಿ ಅದರ ಪಶುವೈದ್ಯ ಕಾಲೇಜುಗಳಿವೆ.

ಓದಿನ ಜೊತೆಗೆ ಹಾಲಿನ ವ್ಯವಸ್ಥೆಯೂ ಬೆಳೆಯಿತು. 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ರಾಜ್ಯದ ಮೊದಲ ಡೇರಿ, 1965ರಲ್ಲಿ ಯುನಿಸೆಫ್ ನೆರವಿನ ಬೆಂಗಳೂರು ಡೇರಿ, 1974ರಲ್ಲಿ ವಿಶ್ವಬ್ಯಾಂಕ್ ಸಾಲದೊಂದಿಗೆ ಹೈನು ಅಭಿವೃದ್ಧಿ ನಿಗಮ, 1984ರಲ್ಲಿ ಅದೇ ಕರ್ನಾಟಕ ಹಾಲು ಮಹಾಮಂಡಳ. ಐವತ್ತು ವರ್ಷದ ಹಿಂದೆ ನಮ್ಮ ಶಾಲೆ ಶುರುವಾದದ್ದು ಈ ಹಾಲಿನ ಬೆಳವಣಿಗೆಯ ಕಾಲದಲ್ಲಿ. ಆಮೇಲೆ ಕೈಗಾರಿಕಾ ಪ್ರದೇಶ ಬಂತು. ಹೊಲ ಹೋಯಿತು, ಉಳುವ ಎತ್ತು ಹೋಯಿತು. ಹಸು ಮಾತ್ರ ಕೆಲವು ಮನೆಗಳಲ್ಲಿ ಉಳಿಯಿತು. ಡೇರಿಗೆ ಹಾಕಿದ ಹಾಲಿನ ದುಡ್ಡಿನಿಂದ ಮಕ್ಕಳ ಪುಸ್ತಕ, ಯೂನಿಫಾರಂ ತಂದ ತಾಯಂದಿರು ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರಿಗೆ ಇದ್ದರು, ಈಗಲೂ ಇದ್ದಾರೆ.

ಈ ಓದು ಎಲ್ಲಿಗೆ ಒಯ್ಯುತ್ತದೆ

ದ್ವಿತೀಯ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದಿದವರು ಬಿ.ವಿ.ಎಸ್ಸಿ. ಮತ್ತು ಎ.ಎಚ್. ಪದವಿಗೆ ಸೇರಬಹುದು. ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು ಐದೂವರೆ ವರ್ಷ. ದೇಹರಚನೆ, ಮೇವು, ತಳಿಶಾಸ್ತ್ರ, ರೋಗ, ಔಷಧ, ಶಸ್ತ್ರಚಿಕಿತ್ಸೆ ಎಲ್ಲವೂ ಇದೆ. ಮನುಷ್ಯರ ಡಾಕ್ಟರು ಒಂದು ಜೀವಿಯ ದೇಹ ಕಲಿತರೆ ಇವರು ಹಸು, ಕುರಿ, ಕುದುರೆ, ನಾಯಿ, ಕೋಳಿ ಎಲ್ಲದರದ್ದೂ ಕಲಿಯಬೇಕು. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಕೊಟ್ಟಿಗೆಯಲ್ಲಿ ಕಲಿತದ್ದಕ್ಕೆ ಅಂಕ ಸಿಗುವ ಪರೀಕ್ಷೆ ಅದು. ಡೇರಿ ತಂತ್ರಜ್ಞಾನಕ್ಕೆ, ಮೀನುಗಾರಿಕೆಗೆ ಬೇರೆ ಪದವಿಗಳಿವೆ. ಎಸ್.ಎಸ್.ಎಲ್.ಸಿ. ನಂತರ ನೇರವಾಗಿ ಸೇರಬಹುದಾದ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಕೂಡ ಉಂಟು.

ಕೆಲಸ ಎಲ್ಲಿದೆ ಎಂದು ಕೇಳುವವರು ನಮ್ಮ ರಸ್ತೆಯನ್ನೇ ನೋಡಲಿ. ಡೇರಿ ಸರ್ಕಲ್ ಬಳಿ ಹಾಲು ಮಹಾಮಂಡಳವಿದೆ. ಆಡುಗೋಡಿಯಲ್ಲಿ 1995ರಿಂದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ. ಹಸು ಮೆಲುಕು ಹಾಕುವಾಗ ಹೊರಬಿಡುವ ಮೀಥೇನ್ ಅನಿಲವನ್ನು ಮೇವಿನ ಮೂಲಕ ಕಡಿಮೆ ಮಾಡುವ ಸಂಶೋಧನೆ ಅಲ್ಲಿ ನಡೆಯುತ್ತದೆ. ಮುಂದೆ ಬಂದರೆ ಬನ್ನೇರುಘಟ್ಟ. ಅಲ್ಲಿನ ಉದ್ಯಾನದ ಹುಲಿ, ಆನೆಗಳಿಗೆ ಡಾಕ್ಟರು ಬೇಕು. ಕರಡಿ ಕುಣಿಸುವ ಪದ್ಧತಿ 2009ರಲ್ಲಿ ದೇಶದಲ್ಲಿ ಕೊನೆಗೊಂಡಾಗ ರಕ್ಷಿಸಿ ತಂದ ಕರಡಿಗಳಿಗೆ ಬನ್ನೇರುಘಟ್ಟದ ಕೇಂದ್ರವೂ ಆಶ್ರಯ ಕೊಟ್ಟಿತ್ತು. ಅವುಗಳ ಮೂಗಿನ ಗಾಯ, ಮುರಿದ ಹಲ್ಲುಗಳಿಗೆ ಚಿಕಿತ್ಸೆ ಮಾಡಿದವರು ಪಶುವೈದ್ಯರು.

ಇನ್ನೂ ಮುಂದೆ ಬಂದರೆ ನಮ್ಮದೇ ಬೊಮ್ಮಸಂದ್ರ, ಜಿಗಣಿ. ಇಲ್ಲಿನ ಔಷಧ ಮತ್ತು ಜೈವಿಕ ತಂತ್ರಜ್ಞಾನದ ಸಂಶೋಧನೆಯಲ್ಲಿ ಒಂದು ಹೊಸ ಔಷಧ ಮನುಷ್ಯರಿಗೆ ಹೋಗುವ ಮೊದಲು ಪ್ರಾಣಿಗಳ ಮೇಲೆ ಪರೀಕ್ಷೆಯಾಗುತ್ತದೆ. ಆ ಪ್ರಾಣಿಗಳಿಗೆ ಹಿಂಸೆಯಾಗದಂತೆ ನೋಡಿಕೊಳ್ಳಲು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ನಿಯಮಗಳಿವೆ. ಆ ಕೆಲಸಕ್ಕೂ, ಫಲಿತಾಂಶ ಓದುವುದಕ್ಕೂ ಪಶುವಿಜ್ಞಾನ ಓದಿದವರು ಬೇಕು. ನಮ್ಮ ಶಾಲೆಯಿಂದ ಹತ್ತು ನಿಮಿಷದ ದಾರಿಯ ಗೇಟಿನೊಳಗೆ ಇಂಥ ಕೆಲಸವಿದೆ ಎಂದು ನಮ್ಮ ಮಕ್ಕಳಿಗೆ ತಿಳಿದಿರಬೇಕು. ಇದಲ್ಲದೆ ಸರ್ಕಾರಿ ಪಶು ಆಸ್ಪತ್ರೆ, ಸೈನ್ಯದ ಪಶುವೈದ್ಯ ದಳ, ಬ್ಯಾಂಕು, ಕೋಳಿ ಸಾಕಣೆ, ಲಸಿಕೆ ತಯಾರಿಕೆ, ಸಿಟಿಯ ನಾಯಿ ಬೆಕ್ಕಿನ ಕ್ಲಿನಿಕ್ಕುಗಳು ಇವೆ.

ನನ್ನ ಕಸುಬಿಗೂ ಇದಕ್ಕೂ ನಂಟಿದೆ. ಹಸುವಿನ ಕಿವಿಯ ಹಳದಿ ಓಲೆಯಲ್ಲಿ 12 ಅಂಕಿಯ ಸಂಖ್ಯೆ ಇರುತ್ತದೆ. ಲಸಿಕೆ, ಗರ್ಭಧಾರಣೆ, ಕರು ಹಾಕಿದ್ದು ಎಲ್ಲ ಆ ಸಂಖ್ಯೆಯಡಿ ಕಂಪ್ಯೂಟರಿಗೆ ಹೋಗುತ್ತದೆ. ಪ್ರೋಗ್ರಾಂ ಬರೆಯುವುದು ನಮಗೆ ಕಷ್ಟವಲ್ಲ. ಯಾವ ಲಕ್ಷಣವನ್ನು ಎಣಿಸಬೇಕು, ಯಾವುದು ಎಚ್ಚರಿಕೆಯ ಗಂಟೆ ಎಂದು ಹೇಳುವವರು ಮಾತ್ರ ಹಸು ಬಲ್ಲವರೇ ಆಗಬೇಕು.

ಏಕೆ ಈಗಲೇ

ದೊಡ್ಡರೋಗ ಹೋದರೂ ರೋಗಗಳು ಮುಗಿದಿಲ್ಲ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ಸಾವಿರಾರು ದನಗಳನ್ನು ಕೊಂದಿತು. ಅದಕ್ಕೆಂದೇ ಮಾಡಿದ ಲಸಿಕೆ ಆಗ ಮಾರುಕಟ್ಟೆಯಲ್ಲಿ ಇರಲಿಲ್ಲ. ಮೇಕೆ ಸಿಡುಬಿನ ರೋಗಾಣು ಅದೇ ಜಾತಿಗೆ ಸೇರಿದ್ದರಿಂದ ಆ ಲಸಿಕೆಯನ್ನೇ ಹಾಕಿದರು. ನಮ್ಮ ಪಕ್ಕದ ಮಾಲೂರಿನಲ್ಲಿರುವ ಕಂಪನಿಯೊಂದರ ಲಸಿಕೆಗೆ 2025ರಲ್ಲಿ ಅನುಮತಿ ಸಿಕ್ಕಿತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಬಯಲಿಗೆ ಬಂದ ಮಂಗನ ಕಾಯಿಲೆ ಮನುಷ್ಯರನ್ನೂ ಕೊಂದಿತು. ಪ್ರಾಣಿಯ ಆರೋಗ್ಯ ನಮ್ಮ ಆರೋಗ್ಯದಿಂದ ಬೇರೆಯಲ್ಲ.

ಹಲ್ಲು ನೋಡಿ ವಯಸ್ಸು ಹೇಳುವ ಅಜ್ಜ, ಕೂಗು ಕೇಳಿ ಬೆದೆ ಗುರುತಿಸುವ ಅಜ್ಜಿ ಈಗ ಜಿಗಣಿಯಲ್ಲಿ ಬೆರಳೆಣಿಕೆಯಷ್ಟು. ಅವರಿಂದ ಕಣ್ಣಾರೆ ಕಲಿಯಬಲ್ಲ ಕೊನೆಯ ಮಕ್ಕಳು ಬಹುಶಃ ಈಗ ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದಾರೆ. ಸಗಣಿ ಬಾಚಿ ಬಂದೆ ಎಂದು ಹೇಳಲು ಅವರಲ್ಲಿ ಕೆಲವರು ನಾಚುತ್ತಾರೆ. ಅವರ ಆ ತಿಳಿವಳಿಕೆ ವಿಶ್ವವಿದ್ಯಾಲಯಕ್ಕೆ ಹೋದರೆ ವಿದ್ಯೆಯಾಗಿ ಬೆಳೆಯುತ್ತದೆ, ಹೋಗದಿದ್ದರೆ ಅವರೊಂದಿಗೇ ಮುಗಿಯುತ್ತದೆ.

ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಒಂಬತ್ತನೇ ತರಗತಿಯ ಪ್ರವಾಸದ ಒಂದು ದಿನವನ್ನು ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಕೊಡಿ. ಖರ್ಚಿನ ಪಾಲು ಹೊರಲು ಹಳೆಯ ವಿದ್ಯಾರ್ಥಿಗಳಾದ ನಾವು ಸಿದ್ಧ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ಹಸುವಿದ್ದರೆ ನೀವು ಈ ಓದಿನ ಮೊದಲ ಪಾಠವನ್ನು ಆಗಲೇ ಮುಗಿಸಿದ್ದೀರಿ. ಉಳಿದದ್ದನ್ನು ಕಲಿಯಲು ಬಾಗಿಲು ತೆರೆದಿದೆ.