ರಂಧ್ರಾನ್ವೇಷಣೆ: ಸಂಚಾರಿ ಡಿ.ಎನ್.ಎ. ವಾಚನಯಂತ್ರದ ಒಂದು ಅಧ್ಯಾಯ

ಪರರ ದೋಷಗಳನ್ನು ಹುಡುಕುತ್ತ ಹೋಗುವ ಸ್ವಭಾವಕ್ಕೆ ನಮ್ಮಲ್ಲಿ ರಂಧ್ರಾನ್ವೇಷಣೆಯೆಂದು ಹೆಸರು. ಆ ಪದವನ್ನು ಅಕ್ಷರಾರ್ಥದಲ್ಲಿಯೇ, ನಿಂದೆಯ ಲೇಶವೂ ಇಲ್ಲದೆ, ಪ್ರಯೋಗಿಸಬಹುದಾದ ಶಾಸ್ತ್ರವೊಂದು ಈಚಿನ ಮೂರು ದಶಕಗಳಲ್ಲಿ ಬೆಳೆದುಬಂದಿದೆ. 1996ರಲ್ಲಿ ಕ್ಯಾಸಿಯಾನೋವಿಚ್, ಬ್ರ್ಯಾಂಡಿನ್, ಬ್ರ್ಯಾಂಟನ್, ಡೀಮರ್ ಎಂಬ ವಿದ್ವಾಂಸರು, ಸ್ಟಾಫಿಲೊಕಾಕಸ್ ಔರಿಯಸ್ ಎಂಬ ರೋಗಾಣುವು ಅನ್ಯಕೋಶಗಳ ಪೊರೆಯನ್ನು ಭೇದಿಸಲು ಸ್ರವಿಸುವ ವಿಷಪ್ರೋಟೀನನ್ನು ಕೃತಕ ಪೊರೆಯೊಂದರಲ್ಲಿ ನೆಲೆಗೊಳಿಸಿ, ಅದರ ರಂಧ್ರದ ಮೂಲಕ ನ್ಯೂಕ್ಲಿಯಿಕ್ ಆಮ್ಲದ ಒಂಟಿ ಎಳೆಗಳು ವಿದ್ಯುದ್ಬಲದಿಂದ ಹಾಯುವುದನ್ನೂ, ಹಾಯುವಾಗ ಒಳಗಣ ಅಯಾನುಪ್ರವಾಹ ಕುಗ್ಗುವುದನ್ನೂ ತೋರಿಸಿಕೊಟ್ಟರು. ಪ್ರವಾಹದ ಏರಿಳಿತದಿಂದ ಹಾಯ್ದ ಅಕ್ಷರಗಳಾವುವೆಂದು ಗ್ರಹಿಸುವುದೇ ಈ ವಾಚನಪದ್ಧತಿಯ ತಿರುಳು.

ಮಸೂರಗಳನ್ನೂ ಕ್ಯಾಮೆರಾಗಳನ್ನೂ ಅಪೇಕ್ಷಿಸದ ಯಂತ್ರವು ಅಂಗೈಯಗಲಕ್ಕೆ ಕಿರಿದಾಗಬಲ್ಲುದು. 2014ರಲ್ಲಿ ಆಕ್ಸ್‌ಫರ್ಡ್ ನ್ಯಾನೋಪೋರ್ ಸಂಸ್ಥೆಯು ಆಯ್ದ ಸಂಶೋಧಕರಿಗೆ ಹಂಚಿದ ಮಿನ್‌ಅಯಾನ್ ನೂರು ಗ್ರಾಮಿಗಿಂತ ಹಗುರವಾಗಿದ್ದು, ಯು.ಎಸ್.ಬಿ. ತಂತಿಯಿಂದಲೇ ವಿದ್ಯುತ್ತನ್ನು ಪಡೆಯುತ್ತಿತ್ತು. ಅದರ ಮೊದಲ ವಾಚನಗಳಲ್ಲಿ ತಪ್ಪುಗಳು ಹೇರಳವಾಗಿದ್ದುವು, ನಿಜ. ಆದರೂ 2015ರಲ್ಲಿ ಗಿನಿ ದೇಶಕ್ಕೆ ವಿಮಾನದಲ್ಲಿ ಒಯ್ದ, ಐವತ್ತು ಕಿಲೋಗ್ರಾಮಿಗೂ ಕಡಿಮೆ ತೂಕದ ಸಾಮಗ್ರಿಯಿಂದ 142 ಎಬೋಲಾ ಮಾದರಿಗಳನ್ನು ಓದಲಾಯಿತೆಂಬುದನ್ನು ನೆನೆದರೆ, ಮಾದರಿಯಿದ್ದೆಡೆಗೆ ಪ್ರಯೋಗಶಾಲೆಯೇ ನಡೆದುಹೋಗುವ ಅನುಕೂಲದ ಮುಂದೆ ಆ ದೋಷ ಕ್ಷಮ್ಯವೆಂದೇ ನನಗೆ ತೋರುತ್ತದೆ.

ಈ ಇತಿಹಾಸದ ಸ್ವಾರಸ್ಯವಾದ ಘಟ್ಟವು ದಕ್ಷಿಣ ಕ್ಯಾಲಿಫೋರ್ನಿಯಾದ್ದು. ಬೆಳಕಿನ ಪದ್ಧತಿಯ ದೊಡ್ಡ ಯಂತ್ರಗಳಿಗೆ ಹೆಸರಾದ, 1998ರಲ್ಲಿ ಸ್ಯಾನ್ ಡಿಯೇಗೋದಲ್ಲಿ ಹುಟ್ಟಿದ ಇಲ್ಯುಮಿನಾ ಸಂಸ್ಥೆಯು, ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮ್ಯಾಟಿಸ್ ಎಂಬ ಸೂಕ್ಷ್ಮಾಣುವಿನ ರಂಧ್ರಪ್ರೋಟೀನಿನ ಪೇಟೆಂಟುಗಳು ಉಲ್ಲಂಘಿತವಾದುವೆಂದು 2016ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನವರ ಮೇಲೆ ದಾವೆ ಹೂಡಿತು. ಪ್ರತಿವಾದಿಗಳು ತಮ್ಮ ಹೊಸ ರಂಧ್ರ ಇ. ಕೋಲಿಯದೆಂದು ಪ್ರಕಟಿಸಿದರು, ಮೈಕೋಬ್ಯಾಕ್ಟೀರಿಯದ ರಂಧ್ರವನ್ನು ಮುಟ್ಟುವುದಿಲ್ಲವೆಂಬ ಒಡಂಬಡಿಕೆಯಲ್ಲಿ ಆಗಸ್ಟಿನ ವೇಳೆಗೆ ವ್ಯಾಜ್ಯ ಮುಗಿಯಿತು. ರಂಧ್ರಗಳ ನಿಜವಾದ ಶಿಲ್ಪಿಗಳು ಯಾವ ಪಕ್ಷದಲ್ಲಿಯೂ ಹಾಜರಿರಲಿಲ್ಲವೆಂಬುದು ಬೇರೆಯ ಮಾತು.

ಅದೇ ಆಗಸ್ಟ್ 26ರಂದು, ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಅಣುಜೀವಶಾಸ್ತ್ರವನ್ನು ಅಭ್ಯಸಿಸಿದ್ದ ಕೇಟ್ ರೂಬಿನ್ಸ್, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಈ ಯಂತ್ರವನ್ನು ನಡೆಸಿ, ಇಲಿ, ಇ. ಕೋಲಿ, ಲ್ಯಾಂಬ್ಡಾ ವೈರಸುಗಳ ಡಿ.ಎನ್.ಎ.ಯನ್ನು ಓದಿದರು. ಭಾರರಾಹಿತ್ಯದಲ್ಲಿ ದ್ರವದೊಳಗಿನ ಗಾಳಿಗುಳ್ಳೆಗಳು ಮೇಲೇರದೆ ಪೊರೆಯನ್ನು ಕೆಡಿಸಬಹುದೆಂಬ ಶಂಕೆಯಿತ್ತು. ಆದರೆ ಭೂಮಿಯ ಮೇಲೆ ನಡೆಸಿದ ಸಮಾನಾಂತರ ವಾಚನಕ್ಕೂ ಅದಕ್ಕೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಮರುವರ್ಷ ಪೆಗ್ಗಿ ವಿಟ್ಸನ್, ನಿಲ್ದಾಣದ ಒಳಮೈಯಿಂದ ಒರೆಸಿ ತೆಗೆದು ಬೆಳೆಸಿದ, ಹೆಸರರಿಯದ ಸೂಕ್ಷ್ಮಾಣುಗಳನ್ನು ಅಲ್ಲಿಯೇ ಓದಿದರು. ಅವೇ ಮಾದರಿಗಳು ಭೂಮಿಗಿಳಿದ ಬಳಿಕ ನಡೆದ ಪರೀಕ್ಷೆಯೂ ಅವೇ ಹೆಸರುಗಳನ್ನು ಹೇಳಿತು.