ಗರಗಸದ ಕೆಳಗಿನ ಮನುಷ್ಯಾ

ನಿಮ್ಮ ಮನ್ಯಾಗ ಹಳೇ ಬಾಗಲಾ ಇದ್ರ, ಅದರ ಹಿಂದ ರಂದಾ ಹೊಡಿಯದ ಜಾಗಕ್ಕ ಬ್ಯಾಟರಿ ಬೆಳಕು ಓರೆ ಬಿಟ್ಟು ನೋಡ್ರಿ. ಗೆರಿ ಕಾಣತಾವು. ಗೆರಿ ನೆಟ್ಟಗ ಇದ್ದು, ನಡುವಿನ ಅಂತರ ಹೆಚ್ಚುಕಮ್ಮಿ ಇದ್ರ ಅದು ಕೈಗರಗಸದ ಹಲಗಿ. ಬಿಲ್ಲಿನಂಗ ಬಾಗಿದ್ರ ತಿರುಗೋ ಗಾಲಿ ಗರಗಸದ್ದು. ನಮ್ಮ ಹಲಗೇರಿ ಮನ್ಯಾಗ ಎರಡೂ ಅದಾವು. ನಡುಮನಿ ಬಾಗಲಕ್ಕ ನೆಟ್ಟನ ಗೆರಿ, ಹಿತ್ತಲ ಬಾಗಲಕ್ಕ ಬಾಗಿದ ಗೆರಿ. ಈ ಎರಡು ಬಾಗಲದ ನಡುವಿನ ಕಾಲದಾಗ ಒಬ್ಬ ಮನುಷ್ಯಾ ಕಾಣದಂಗ ಆಗ್ಯಾನ. ಅವನ ಕತಿನ ಇದು.

ಮೊದಲು ಹಲಗಿ ಕೊಯ್ಯಾಕ ಇಬ್ಬರು ಬೇಕಾಗಿತ್ತು. ದಿಮ್ಮಿ ಎತ್ತರಕ್ಕ ಏರಿಸಿ ಕಟ್ಟತಿದ್ರು. ಮಸಿ ಹಚ್ಚಿದ ದಾರ ಜಗ್ಗಿ ಬಿಟ್ಟು ಗೆರಿ ಹಾಕತಿದ್ರು. ಒಬ್ಬಾವ ದಿಮ್ಮಿ ಮ್ಯಾಲ ನಿಂತು ಗೆರಿ ಹಿಡೀತಿದ್ದ, ಇನ್ನೊಬ್ಬಾವ ಕೆಳಗ ನಿಂತು ಗರಗಸ ಜಗ್ಗತಿದ್ದ. ಹೊಟ್ಟು ಎಲ್ಲಾ ಕೆಳಗಿನವನ ತಲಿ ಮ್ಯಾಲ. ಆದ್ರ ಕೆಲಸ ನಿಲ್ಲಸೋ ಅಧಿಕಾರ ಇಬ್ಬರಿಗೂ ಸಮ ಇತ್ತು. ಒಬ್ಬಾವ ಕೈ ಬಿಟ್ರ ಗರಗಸ ನಿಂತs ಬಿಡತಿತ್ತು. ಕೊಯ್ದ ಸೀಳು ಮುಚ್ಚಿಕೊಂಡು ಹಲ್ಲು ಹಿಡಿಯಾಕತ್ತಿದ್ರ ಅದರಾಗ ಒಂದು ಬೆಣಿ ಬಡೀತಿದ್ರು. ಈ ಬೆಣಿ ನೆನಪಿಟ್ಟುಕೊಳ್ರಿ, ಮುಂದ ಬರತೈತಿ.

ಇಂಗ್ಲೆಂಡಿನಾಗ 1777ರಾಗ ಸ್ಯಾಮುಯೆಲ್ ಮಿಲ್ಲರ್ ಅನ್ನಾವ ತಗೊಂಡ ಪೇಟೆಂಟಿನಾಗ ಗಾಲಿ ಗರಗಸದ ಮಾತು ಬಂದಿತ್ತು. ಅದನ್ನ ಗಾಳಿಯಂತ್ರ, ನೀರಿನ ಚಕ್ರ, ಆಮ್ಯಾಲ ಉಗಿ ತಿರುಗಿಸಿದವು. ಕೈಯಾಗ ಹಿಡಿಯೋ ಕರೆಂಟ್ ಗರಗಸ ಬಂದದ್ದು ಅಮೆರಿಕಾದಾಗ, 1920ರ ದಶಕದಾಗ. ಕಬ್ಬು ಕಡಿಯೋ ರೈತರನ್ನ ನೋಡಿ ಎಡ್ಮಂಡ್ ಮಿಶೆಲ್ ಅನ್ನಾವಗ ಈ ವಿಚಾರ ಹೊಳೀತು ಅಂತ ಹೇಳತಾರ. 1924ರಾಗ ಆತ ಪಾಲುದಾರನ ಕೂಡ ಕಂಪನಿ ಕಟ್ಟಿದ.

ಇತ್ತ ನಮ್ಮ ನಾಡಿನಾಗ 1902ರಾಗ ಶಿವನಸಮುದ್ರದ ಕರೆಂಟ್ ಕೋಲಾರದ ಬಂಗಾರದ ಗಣಿಗೆ ಹೋತು, 1905ರಾಗ ಬೆಂಗಳೂರಿನ ಬೀದಿಗೆ ಬಂತು. ಅದು ಮೈಸೂರು ಸೀಮಿ. ನಾವಾಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲಾದಾಗ ಇದ್ದವರು. 1956ರಾಗ ನಾಡು ಒಂದಾತು, 1960ರ ದಶಕದಾಗ ಶರಾವತಿ ಕರೆಂಟ್ ಶುರುವಾತು, ಹಳ್ಳಿಗೆ ಕಂಬ ನಿಧಾನಕ್ಕ ಬಂದವು. ಮೊದಲು ಸಾಮಿಲ್ಲು, ಆಮ್ಯಾಲ ಬಡಿಗ್ಯಾರ ಅಂಗಡಿ, ಈಗ ಮನಿ ಹಿತ್ತಲು. ಒಂದು ವಾಯರು, ಒಂದು ಮಷಿನ್ನು, ಒಬ್ಬಾವ. ಕೆಳಗಿನ ಮನುಷ್ಯಾ ಹೋದ.

ಅವ ಮಾಡತಿದ್ದ ಕೆಲಸ ಈಗ ಯಾರು ಮಾಡಬೇಕು? ಕಾಯಿದೆ ಈ ಪ್ರಶ್ನೆಗೆ ಅರ್ಧಾ ಉತ್ತರ ಕೊಟ್ಟಿತು. 1948ರ ಫ್ಯಾಕ್ಟರಿ ಕಾಯಿದೆಯ 21ನೇ ಕಲಮು, ಮಷಿನ್ ತಿರುಗೋ ಹೊತ್ತಿನಾಗ ಅದರ ಅಪಾಯದ ಭಾಗಕ್ಕ ಗಟ್ಟಿ ಕವರ್ ಇರಬೇಕು ಅಂದಿತು. ಆದ್ರ ಕರೆಂಟ್ ಬಳಸೋ ಜಾಗದಾಗ 10 ಮಂದಿ ಕೆಲಸಕ್ಕಿದ್ರ ಅದು ಫ್ಯಾಕ್ಟರಿ ಅಂತ ಆ ಕಾಯಿದೆ ಹಿಡಿದಿತ್ತು. ಹಿತ್ತಲದಾಗ ಒಬ್ಬನs ಕೊಯ್ಯಾವನ್ನ ಕೇಳಾಕ ಯಾವ ಇನ್ಸ್‌ಪೆಕ್ಟರೂ ಬರೂದಿಲ್ಲ. ನನ್ನ ತಮ್ಮ ಹಂಗ ಒಬ್ಬನs ಕೊಯ್ಯಾವ. ಮಷಿನ್ನಿನ ಕೆಳಗಿನ ಕವರ್‌ನ ಕಬ್ಬಿಣ ತಂತಿಲೆ ಮ್ಯಾಲ ಎತ್ತಿ ಕಟ್ಟಿದ್ದ. ಯಾಕೋ ಅಂದ್ರ, "ಅಕ್ಕಾ, ಗೆರಿ ಕಾಣೂದಿಲ್ಲವಾ ಅದು ಅಡ್ಡ ಬಂದ್ರ" ಅಂದ.

ನಾ ಅವಗ ಹೇಳಿದ್ದು ಇಷ್ಟ: ಅದು ಅಡ್ಡ ಬರಾಕs ಇರೋದು. ಬ್ಲೇಡ್ ನಿಮಿಷಕ್ಕ 5000 ಸುತ್ತಿನ ಆಸುಪಾಸು ತಿರುಗತೈತಿ, ಬಟನ್ ಬಿಟ್ಟ ಮ್ಯಾಲೂ ಕೆಲವು ಸೆಕೆಂಡು ತಿರುಗತೈತಿ. ಆ ಹೊತ್ತಿನಾಗ ಮಷಿನ್ ಕೆಳಗ ಇಟ್ರ, ತೊಡಿಗೆ ತಾಗಿದ್ರ, ಸ್ಪ್ರಿಂಗಿನಿಂದ ತಾನs ಮುಚ್ಚೋ ಆ ಕವರ್ ಒಂದs ಕಾಯೋದು. ಕೆಳಗಿನವ ಕೈ ಬಿಟ್ರ ಗರಗಸ ನಿಲ್ಲತಿತ್ತಲ್ಲ, ಆ ಕೆಲಸದ ಒಂದು ಪಾಲು ಈಗ ಅದರದ್ದು.

ಈಗ ಬೆಣಿ ಮಾತು. ಸೀಳು ಮುಚ್ಚಿಕೊಂಡು ಬ್ಲೇಡ್ ಹಿಡಿದ್ರ ಮಷಿನ್ ಹಿಂದಕ್ಕ, ನಮ್ಮ ಕಡೆನ ಹಾರತೈತಿ. ಅದಕ್ಕs ಟೇಬಲ್ ಗರಗಸದಾಗ ಬ್ಲೇಡ್ ಹಿಂದ ಒಂದು ತೆಳು ತಗಡು ನಿಲ್ಲಿಸಿರತಾರ. ಅದು ಹಳೇ ಬೆಣಿನ, ಉಕ್ಕಿನ ರೂಪದಾಗ. ಕೈ ಮಷಿನ್ನಿಗೆ ಆ ತಗಡು ಇರದಿದ್ರ, ಉದ್ದ ಹಲಗಿ ಸೀಳುವಾಗ ಮಷಿನ್ ನಿಲ್ಲಿಸಿ, ಬ್ಲೇಡ್ ಪೂರಾ ನಿಂತ ಮ್ಯಾಲ, ಕೊಯ್ದ ಸೀಳಿಗೆ ಒಂದು ಸಣ್ಣ ಬೆಣಿ ಇಡ್ರಿ. ಅಡ್ಡ ಕೊಯ್ಯುವಾಗ ಹಲಗಿ ಎರಡೂ ತುದಿಗೆ ಆಸರಾ ಕೊಟ್ಟು ನಡುವ ಕೊಯ್ಯಬ್ಯಾಡ್ರಿ, ನಡುವ ಜೋತು ಸೀಳು ಮುಚ್ಚತೈತಿ. ದೊಡ್ಡ ಭಾಗಕ್ಕ ಆಸರಾ ಇರಲಿ, ತುಂಡು ಸಲೀಸಾಗಿ ಕೆಳಗ ಬೀಳಲಿ. ಮಷಿನ್ನಿನ ನೇರ ಹಿಂದ ನಿಲ್ಲದs ಒಂದು ಬದಿಗೆ ನಿಲ್ಲರಿ. ಹಲಗಿನ ಕಾಲಿಲೆ ಒತ್ತಿ ಹಿಡಿಯೂದು ಬ್ಯಾಡ, ಕ್ಲ್ಯಾಂಪ್ ಹಾಕ್ರಿ.

ಕೈಗರಗಸಕ್ಕ ಇರದ ಒಂದು ಅಪಾಯ ಕರೆಂಟ್ ತಂತು. ನಮ್ಮಲ್ಲಿ "ಕರೆಂಟ್ ಹಿಡೀತು" ಅಂತಾರಲ್ಲ, ಅದು ಅಳತಿ ಮಾಡಿದ ಮಾತು. ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್, ಒಪ್ಪಿ ಮುಂದ ಬಂದ ಮಂದಿ ಮ್ಯಾಲ ಪರೀಕ್ಷೆ ಮಾಡಿ, ಗಂಡಸರು ಸರಾಸರಿ 16 ಮಿಲಿಆಂಪಿಯರ್ ದಾಟಿದ್ರ, ಹೆಂಗಸರು ಸುಮಾರು ಹತ್ತೂವರಿ ದಾಟಿದ್ರ, ಹಿಡಿದ ತಂತಿ ಬಿಡಾಕ ಆಗೂದಿಲ್ಲ ಅಂತ ಕಂಡುಹಿಡಿದ್ರು. 1961ರಾಗ ಆ ಸೋರೋ ಕರೆಂಟ್ ಗುರುತು ಹಿಡಿದು ಲೈನ್ ಕಡಿಯೋ ಸಾಧನ ಮಾಡಿದ್ರು. ಅದೇ ಕೆಲಸದ ಡಬ್ಬಿಗೆ ನಮ್ಮ ಅಂಗಡ್ಯಾಗ ಆರ್‌ಸಿಸಿಬಿ ಅಂತಾರ. 30 ಮಿಲಿಆಂಪಿಯರ್‌ದು ಕೇಳಿ ತಗೊಳ್ರಿ. ಎಂಸಿಬಿ ಬ್ಯಾರೆ. ಅದು ವಾಯರ್ ಸುಡದಂಗ ಕಾಯತೈತಿ, ಮನುಷ್ಯಾನ್ನಲ್ಲ.

ಮೂರು ಪಿನ್ನಿನಾಗ ಮ್ಯಾಲಿನ ದಪ್ಪ ಪಿನ್ ಉದ್ದ ಯಾಕೈತಿ ಗೊತ್ತೇನ್ರಿ? ಅರ್ತಿಂಗ್ ಎಲ್ಲಕ್ಕೂ ಮೊದಲು ಕೂಡಲಿ, ಎಲ್ಲಕ್ಕೂ ಕಡೀಗೆ ಬಿಡಲಿ ಅಂತ. ಅದನ್ನ ಮುರಿದು ಎರಡು ಪಿನ್ ಮಾಡೂದು, ಬರೀ ವಾಯರ್ ತುದಿ ಸಾಕೆಟ್ಟಿಗೆ ಚುಚ್ಚಿ ಕಡ್ಡಿ ಸಿಗಿಸೂದು, ಎರಡೂ ಒಂದs. ಚೌಕದೊಳಗ ಚೌಕದ ಗುರುತು ಇದ್ದ ಮಷಿನ್ನಿಗೆ ಮಾತ್ರ ಮೂರನೇ ಪಿನ್ ಬೇಕಾಗೂದಿಲ್ಲ. ಎಕ್ಸ್‌ಟೆನ್ಷನ್ ವಾಯರ್ ಸುರುಳಿ ಪೂರಾ ಬಿಚ್ಚರಿ, ಸುತ್ತಿದ್ದು ಹಂಗs ಇದ್ರ ಕಾಯತೈತಿ. ವಾಯರ್ ಯಾವಾಗಲೂ ಬೆನ್ನ ಹಿಂದ ಇರಲಿ, ಬ್ಲೇಡ್ ಹಾದ್ಯಾಗ ಬ್ಯಾಡ.

ನಮ್ಮ ಕಡೆ ಕರೆಂಟ್ ಹೋಗಿ ಬಂದು ಮಾಡತೈತಿ. ಬಟನ್ ಲಾಕ್ ಆಗಿ ಉಳಿದಿದ್ರ, ಕರೆಂಟ್ ಬಂದ ಗಳಿಗೆಗೆ ಮಷಿನ್ ತಾನs ಎದ್ದು ಓಡತೈತಿ. ಕರೆಂಟ್ ಹೋದ ಕೂಡಲೇ ಪಿನ್ ಕಿತ್ತು ಇಡ್ರಿ. ಬ್ಲೇಡ್ ಬದಲ ಮಾಡುವಾಗಲೂ ಅಷ್ಟ, ಸ್ವಿಚ್ ಆರಿಸಿದ್ರ ಸಾಲದು. ಗ್ರೈಂಡರ್ ಮಷಿನ್ನಿಗೆ ಕಟಗಿ ಬ್ಲೇಡ್ ಹಾಕೋ ರೂಢಿ ಬಿಡ್ರಿ. ಸಣ್ಣ ಗ್ರೈಂಡರ್ 11,000 ಸುತ್ತಿನ ಮಟ್ಟಿಗೆ ತಿರುಗತೈತಿ, ಆ ಬ್ಲೇಡಿಗೆ ಬೇಕಾದ ಕವರೂ ಅದಕ್ಕಿಲ್ಲ, ಕಟಗಿ ಮ್ಯಾಲ ಕೂಡೋ ಪಟ್ಟೀನೂ ಇಲ್ಲ. ಹೆಗಲ ಟವೆಲ್, ಜೋತ ತೋಳು, ಕೈಚೀಲ ಎಲ್ಲಾ ತಗದಿಡ್ರಿ. ಕಣ್ಣಿಗೆ ಚಷ್ಮಾ ಬೇಕs ಬೇಕು.

ನಮ್ಮ ನಡುಮನಿ ಬಾಗಲಾ ರಿಪೇರಿ ಮಾಡಿದ ಬಡಿಗ್ಯಾರ ಕಾಕಾಗ ಎಡಗೈ ನಡುವಿನ ಬೆರಳು ಅರ್ಧಾ ಇಲ್ಲ. ತಮ್ಮ ಅವರನ್ನ ಕೇಳಿದ, "ಕಾಕಾ, ಯಾವ ಗರಗಸಕ್ಕ ಹೋತ್ರಿ ಇದು?" ಕಾಕಾ ಅಂದ್ರು, "ಇಬ್ಬರು ಕೊಯ್ಯುವಾಗ ಹೋಗಿಲ್ಲೋ ತಮ್ಮಾ. ಒಬ್ಬನs ಇದ್ದಾಗ ಹೋತು." ಅವತ್ತು ಸಂಜಿಗೆ ತಮ್ಮ ಇಕ್ಕಳ ತಗೊಂಡು ಕವರಿನ ತಂತಿ ಬಿಚ್ಚಿದ.

ಖಂಡೇಪೂಜಿ ದಿನ ಎಲ್ಲಾ ಹತಾರಕ್ಕೂ ಕುಂಕುಮ ಹಚ್ಚತೀವಿ. ಅವತ್ತು ಹೂ ಏರಿಸೂಕಿಂತ ಮೊದಲು ಪಿನ್ ಕಿತ್ತು, ಕವರ್ ಸಲೀಸಾಗಿ ಮುಚ್ಚತೈತೋ, ವಾಯರ್ ಎಲ್ಲಿ ಸುಲಿದೈತೋ ನೋಡ್ರಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಮಾತ್ರ ತಿಂಗಳಿಗೊಮ್ಮೆ ಒತ್ತರಿ. ಮನಿ ಹೆಣ್ಣಮಕ್ಕಳಿಗೆ ನನ್ನದೊಂದು ಮಾತು: ಮಷಿನ್ ಯಾವ ಸಾಕೆಟ್ಟಿನಾಗೈತಿ, ಮೇನ್ ಸ್ವಿಚ್ ಎಲ್ಲೈತಿ ಅನ್ನೂದು ನಿಮಗೂ ಗೊತ್ತಿರಲಿ. ಗಂಡಾ, ಮಗಾ, ತಮ್ಮ ಯಾರs ಕೊಯ್ಯಲಿ, ಕೂಗಳತಿ ದೂರದಾಗ ಒಬ್ಬರು ಇರ್ರಿ. ಏನರ ಆದ್ರ ಮೊದಲು ಅವನ್ನ ಮುಟ್ಟಬ್ಯಾಡ್ರಿ, ಮೊದಲು ಸ್ವಿಚ್ ಆರಸರಿ. ಕೆಳಗಿನ ಮನುಷ್ಯಾನ ಕೆಲಸ ಇನ್ನೂ ಖಾಲಿ ಐತಿ, ಅದನ್ನ ಮನ್ಯಾಗಿನವರು ಯಾರಾದ್ರೂ ಮಾಡಬಹುದು.